ಕಾರಿಡಾರ್ ಒಳ್ಳೆಯದಾದರೆ ಕಾಲುವೆ ಏಕೆ ಕೆಟ್ಟದ್ದು?

ಓದುಗರೊಬ್ಬರ ಪತ್ರ: “ಕಾಡಿನ ತುಣುಕುಗಳನ್ನು ಕಾರಿಡಾರ್‌ಗಳಿಂದ ಜೋಡಿಸಿದರೆ ಪ್ರಭೇದಗಳು ಉಳಿಯುತ್ತವೆ ಎಂದು ಬರೆದಿರಿ. ಅದೇ ಲೇಖನದಲ್ಲಿ, ಎರಡು ಸಮುದ್ರಗಳನ್ನು ಜೋಡಿಸಿದ ಸೂಯೆಜ್ ಕಾಲುವೆಯಿಂದ ಹಾನಿಯಾಯಿತು ಎಂದೂ ಹೇಳಿದಿರಿ. ಯಾವುದನ್ನು ನಂಬಬೇಕು? ಜೋಡಿಸಿದ ದಾರಿಯಲ್ಲಿ ಕಳೆಗಳೂ ಬರುವುದಿಲ್ಲವೇ?”

ಸಂಪಾದಕರ ಉತ್ತರ:

ಎರಡನ್ನೂ ನಂಬಿ. ಆ ನೆಲೆಗಳು ಜೋಡಣೆಗೆ ಮೊದಲು ಎಷ್ಟು ಕಾಲದಿಂದ ಬೇರೆಯಾಗಿದ್ದವು ಎಂಬುದನ್ನು ಮಾತ್ರ ಮರೆಯಬೇಡಿ.

ಇತ್ತೀಚೆಗೆ ರಸ್ತೆಗೋ ಹೊಲಕ್ಕೋ ತುಂಡಾದ ಕಾಡನ್ನು ನೋಡಿ. ಒಂದೊಂದು ತುಣುಕಿನಲ್ಲೂ ಉಳಿಯುವುದು ಕೆಲವೇ ಜೀವಿಗಳು. ಒಂದು ಬರಗಾಲಕ್ಕೆ ಅವು ಅಳಿದರೆ ಆ ಜಾಗಕ್ಕೆ ಬೇರೆಡೆಯಿಂದ ಬರಲು ದಾರಿಯಿಲ್ಲ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪಕ್ಕೆ ತೋಳಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಬಂದಿದ್ದವು. ಹಾಗೆ ಹೆಪ್ಪುಗಟ್ಟುವುದು ಅಪರೂಪವಾದ ಮೇಲೆ ಹೊಸ ತೋಳಗಳು ಬರುವುದು ನಿಂತುಹೋಯಿತು. ಹತ್ತಿರದ ಸಂಬಂಧದೊಳಗೇ ಮರಿಗಳಾಗುತ್ತ ಬೆನ್ನುಮೂಳೆಯ ವಿಕಾರಗಳು ಕಾಣಿಸಿಕೊಂಡವು, ಕೊನೆಗೆ ಎರಡೇ ತೋಳಗಳು ಉಳಿದವು. 2018ರಿಂದ ಹೊರಗಿನ ತೋಳಗಳನ್ನು ತಂದು ಬಿಡಬೇಕಾಯಿತು. ಅದು ಸರಿಯಾದ ಕೆಲಸವೆಂದೇ ನನ್ನ ನಂಬಿಕೆ.

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ನಡೆದ ಪ್ರಯೋಗ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದೆ. ಪೈನ್ ಕಾಡಿನ ನಡುವೆ ಬಯಲುಗಳನ್ನು ತೆರವು ಮಾಡಿ, ಕೆಲವನ್ನು 150 ಮೀಟರ್ ಉದ್ದದ ಪಟ್ಟಿಗಳಿಂದ ಜೋಡಿಸಿದರು. ಉಳಿದವಕ್ಕೆ ಅಷ್ಟೇ ವಿಸ್ತೀರ್ಣ ಕೊಟ್ಟರೂ ಜೋಡಿಸದೆ ಬಿಟ್ಟರು. 18 ವರ್ಷಗಳ ನಂತರ ಜೋಡಿಸಿದ ಬಯಲುಗಳಲ್ಲಿ ಶೇಕಡಾ 14ರಷ್ಟು ಹೆಚ್ಚು ಸಸ್ಯ ಪ್ರಭೇದಗಳಿದ್ದವು. ಒಂದೇ ವರ್ಷ ಅಳೆದು ಫಲವಿಲ್ಲ ಎಂದು ಕೈಬಿಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಸೂಯೆಜ್‌ನ ಕಥೆ ಬೇರೆ. ಕೆಂಪು ಸಮುದ್ರ ಮತ್ತು ಮೆಡಿಟರೇನಿಯನ್‌ನ ಜೀವಿಗಳು ಲಕ್ಷಾಂತರ ವರ್ಷ ಒಂದನ್ನೊಂದು ಕಾಣದೆ ಬೆಳೆದಿದ್ದವು. 1869ರಲ್ಲಿ ಕಾಲುವೆ ತೆರೆದಾಗ ನಡುವಿನ ಉಪ್ಪುಸರೋವರಗಳ ಅತಿಯಾದ ಲವಣಾಂಶ ಸ್ವಲ್ಪ ಕಾಲ ತಡೆಯಾಗಿತ್ತು. ಆ ಉಪ್ಪು ಕರಗುತ್ತ ಬಂದಂತೆ ನೂರಾರು ಪ್ರಭೇದಗಳು ದಾಟಿದವು. ಅವುಗಳಲ್ಲಿ ಪಾಚಿ ಮೇಯುವ ಮೊಲಮೀನುಗಳು ಪೂರ್ವ ಮೆಡಿಟರೇನಿಯನ್‌ನ ಬಂಡೆಗಳನ್ನು ಬೋಳು ಮಾಡಿವೆ. ಪಾಚಿಯ ಮರೆಯಲ್ಲಿ ಬದುಕುತ್ತಿದ್ದ ಸಣ್ಣ ಜೀವಿಗಳಿಗೆ ಆಸರೆ ಇಲ್ಲವಾಗಿದೆ. ಪಟ್ಟಿಯಲ್ಲಿ ಮೀನುಗಳ ಹೆಸರು ಹೆಚ್ಚಿರಬಹುದು, ಆದರೆ ಜಗತ್ತಿಗೆ ಒಂದೂ ಹೊಸ ಪ್ರಭೇದ ಸಿಕ್ಕಿಲ್ಲ. ಹಾಗಾಗಿ ಬರಿಯ ಎಣಿಕೆಯನ್ನು ವೈವಿಧ್ಯವೆಂದು ನಾನು ಒಪ್ಪಲಾರೆ.

ಬೇರ್ಪಡುವುದೂ ಯಾವಾಗಲೂ ನಷ್ಟವಲ್ಲ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ, ಅಂದರೆ ಉತ್ತರ ಮತ್ತು ದಕ್ಷಿಣ ಅಮೆರಿಕಗಳನ್ನು ಜೋಡಿಸುವ ಕಿರಿದಾದ ನೆಲ, ಕಡಲಿನಿಂದ ಮೇಲೆದ್ದಾಗ ಎರಡು ಅಮೆರಿಕಗಳ ಪ್ರಾಣಿಗಳು ಬೆರೆತವು, ಎರಡು ಕಡಲುಗಳು ಬೇರೆಯಾದವು. ಇಂದು ಅಲ್ಲಿ ಒಂದೇ ಪೂರ್ವಜರಿಂದ ಬಂದ ಸಿಗಡಿಗಳು ಆಚೆಗೊಂದು ಈಚೆಗೊಂದು ಪ್ರಭೇದವಾಗಿ ಕಾಣಸಿಗುತ್ತವೆ.

ಇನ್ನು ಕಳೆಗಳ ವಿಷಯ. ನಿಮ್ಮ ಆತಂಕ ನ್ಯಾಯವಾದುದೇ. ಆದರೆ ಕೆರೊಲಿನಾದಲ್ಲಿ ಜೋಡಿಸಿದ ಬಯಲುಗಳಲ್ಲಿ ಹೊರನಾಡಿನ ಸಸ್ಯಗಳು ಹೆಚ್ಚಲಿಲ್ಲ. ಅಂಥ ಗಿಡಗಳಲ್ಲಿ ಹೆಚ್ಚಿನವು ದಾರಿ ಮಾಡಿಕೊಡದಿದ್ದರೂ ದೂರ ಹರಡಬಲ್ಲವು. ಕಾರಿಡಾರ್ ಬೇಕಾಗಿರುವುದು ಹಾಗೆ ಹರಡಲಾರದ ಸ್ಥಳೀಯ ಗಿಡಗಳಿಗೆ.