ಓದುಗರ ಪ್ರಶ್ನೆ: ನೀರಿನಡಿ ದೋಣಿಯ ಸದ್ದು

ಪ್ರಶ್ನೆ: ನಮ್ಮದು ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಔಟ್‌ಬೋರ್ಡ್ (ಹಿಂಬದಿಗೆ ಎಂಜಿನ್ ತೂಗುಹಾಕಿದ) ದೋಣಿ. ಸದ್ದಿನಿಂದ ಮೀನುಗಳಿಗೆ ತೊಂದರೆ ಅಂತ ಡೈವಿಂಗ್‌ಗೆ ಬಂದವರು ಹೇಳುತ್ತಾರೆ. ಎಂಜಿನ್ ಕವರಿನೊಳಗೆ ಫೋಮ್ ಹಚ್ಚಿದರೆ ಆದೀತೇ?
– ಓದುಗರು, ಮುರ್ಡೇಶ್ವರ

ಉತ್ತರ: ಫೋಮ್‌ನಿಂದ ದೋಣಿಯಲ್ಲಿ ಕೂತವರ ಕಿವಿಗೆ ಹಿತ, ಮೀನಿಗೆ ಹೆಚ್ಚೇನೂ ಲಾಭವಿಲ್ಲ. ಮೇಲಾಗಿ ಪೆಟ್ರೋಲ್ ಹೀರಿಕೊಂಡ ಫೋಮ್ ಬೆಂಕಿಗೆ ದಾರಿ. ವೇಗದ ದೋಣಿಯ ಸದ್ದು ನೀರಿನಡಿ ಬಹುಪಾಲು ಹುಟ್ಟುವುದು ಪ್ರೊಪೆಲ್ಲರ್‌ನಲ್ಲಿ. ರೆಕ್ಕೆ ಜೋರಾಗಿ ತಿರುಗುವಾಗ ಅದರ ಒಂದು ಮೈಯಲ್ಲಿ ಒತ್ತಡ ಕುಸಿದು, ತಣ್ಣಗಿರುವ ನೀರೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆಗಳು ಕುಸಿದು ಒಡೆಯುವುದೇ ದೊಡ್ಡ ಸದ್ದು. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ.

ದೋಣಿ ದಡದಲ್ಲಿದ್ದಾಗ ರೆಕ್ಕೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಕಲ್ಲಿಗೆ ತಾಗಿ ಮಡಚಿದ್ದರೆ, ಚೂರು ಹಾರಿದ್ದರೆ, ಕಡಿಮೆ ವೇಗದಲ್ಲೇ ಗುಳ್ಳೆ ಶುರುವಾಗುತ್ತದೆ. ಸಣ್ಣ ಗೀರಾದರೆ ಅರದಿಂದ ನಯ ಮಾಡಿ. ಒಂದೇ ರೆಕ್ಕೆಯನ್ನು ಅತಿಯಾಗಿ ಉಜ್ಜಿದರೆ ತೂಕ ತಪ್ಪಿ ಶಾಫ್ಟ್ ನಡುಗುತ್ತದೆ. ಬಾಗಿದ ಪ್ರೊಪೆಲ್ಲರನ್ನು ರಿಪೇರಿಗೆ ಕೊಡಿ, ಇಲ್ಲವೇ ಬದಲಿಸಿ. ಬಿಚ್ಚಿದ ಮೇಲೆ ಶಾಫ್ಟ್‌ಗೆ ಗಾಳದ ದಾರ ಸುತ್ತಿದೆಯೇ ಎಂದೂ ನೋಡಿ. ಅದು ಆಯಿಲ್ ಸೀಲನ್ನು ಕೊಯ್ದರೆ ಗೇರ್‌ಬಾಕ್ಸ್‌ಗೆ ನೀರು ಹೋಗುತ್ತದೆ, ಸದ್ದಿನ ಮಾತು ಆಮೇಲಿನದು! ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ 2–3 ಸೆಂ.ಮೀ. ಕೆಳಗಿರಲಿ. ಎಂಜಿನ್ ಇದಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆರ್‌ಪಿಎಂ ಏರುತ್ತದೆ, ದೋಣಿ ಮುಂದೆ ಸಾಗುವುದಿಲ್ಲ.

ಖರ್ಚಿಲ್ಲದ ಉಪಾಯ ವೇಗ ಇಳಿಸುವುದು, ದೂರ ಉಳಿಯುವುದು. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಹವಳದ ದಿಬ್ಬಗಳಲ್ಲಿ ವಿಜ್ಞಾನಿಗಳು ಇದನ್ನೇ ಮಾಡಿ ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದೋಣಿಗಳನ್ನು ದೂರವಿಟ್ಟ ಕಡೆ ಋತುವಿನ ಕೊನೆಗೆ ಶೇ 65ರಷ್ಟು ಮೀನಿನ ಗೂಡುಗಳಲ್ಲಿ ಮರಿಗಳು ಉಳಿದಿದ್ದವು. ದೋಣಿ ಓಡಾಟವಿದ್ದ ಕಡೆ ಶೇ 40. ನೇತ್ರಾಣಿಯ ಬಂಡೆಗೆ 100 ಮೀಟರ್ ಇರುವಾಗಲೇ ಥ್ರಾಟಲ್ ಇಳಿಸಿ, ನಿಧಾನವಾಗಿ ಹೋಗಿ ಲಂಗರು ಬೋಯ್‌ಗೆ ಹಗ್ಗ ಕಟ್ಟಿ, ಎಂಜಿನ್ ಆರಿಸಿ. ಡೈವರುಗಳು ಮೇಲೆ ಬರುವ ತನಕ ಐಡಲ್‌ನಲ್ಲಿ ಬಿಟ್ಟು ಕೂರಬೇಡಿ.

ಪ್ರಶ್ನೆ: ನೀರಿನಡಿಯ 160 ಡೆಸಿಬೆಲ್ ಎಂದರೆ ಜೆಟ್ ವಿಮಾನಕ್ಕಿಂತ ಜೋರೇ?
– ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಅಲ್ಲ, ಎರಡರ ಅಳತೆಗೋಲೇ ಬೇರೆ. ಸದ್ದಿನ ಒತ್ತಡವನ್ನು ಗಾಳಿಯಲ್ಲಿ 20 ಮೈಕ್ರೊಪ್ಯಾಸ್ಕಲ್‌ಗೆ (ಒತ್ತಡದ ಅಳತೆ), ನೀರಿನಲ್ಲಿ 1 ಮೈಕ್ರೊಪ್ಯಾಸ್ಕಲ್‌ಗೆ ಹೋಲಿಸುತ್ತಾರೆ. ಇದರಿಂದಲೇ 26 ಡೆಸಿಬೆಲ್ ವ್ಯತ್ಯಾಸ. ನೀರಿನ ಸಾಂದ್ರತೆ ಮತ್ತು ಅದರಲ್ಲಿ ಸದ್ದಿನ ವೇಗ (ಸೆಕೆಂಡಿಗೆ ಸುಮಾರು 1,500 ಮೀಟರ್) ಸೇರಿ ಇನ್ನೂ ಸುಮಾರು 36. ಒಟ್ಟು 62 ಕಳೆಯಿರಿ: ಶಕ್ತಿಯ ಲೆಕ್ಕದಲ್ಲಿ ಅದು ಗಾಳಿಯ 98 ಡೆಸಿಬೆಲ್‌ಗೆ ಸಮ. ಎಷ್ಟು ದೂರದಲ್ಲಿ ಅಳೆದದ್ದು ಎಂದು ಬರೆಯದ ಅಂಕಿಯನ್ನು ಮಾತ್ರ ನಂಬಬೇಡಿ.

ಪ್ರಶ್ನೆ: ಕಾಳಿ ಅಳಿವೆಯಲ್ಲಿ ಡಾಲ್ಫಿನ್ ತೋರಿಸಲು ಹೋದಾಗ ಅವು ಮುಳುಗಿ ದೂರ ಹೋಗಿಬಿಡುತ್ತವೆ. ಯಾಕೆ?
– ಓದುಗರು, ಕಾರವಾರ

ಉತ್ತರ: ನೀವು ನೇರ ಅವುಗಳ ಮೇಲೇ ದೋಣಿ ಬಿಡುತ್ತಿರಬಹುದು. ಅಲ್ಲಿಯವು ಹಂಪ್‌ಬ್ಯಾಕ್ ಡಾಲ್ಫಿನ್‌ಗಳು. ಅವು ಪರಸ್ಪರ ಸಂಪರ್ಕಕ್ಕೆ ಬಳಸುವ ಸಿಳ್ಳೆಯ ಕಂಪನಾಂಕದಲ್ಲೇ ಪ್ರೊಪೆಲ್ಲರ್ ಗುಳ್ಳೆಗಳ ಸದ್ದೂ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಗೇರ್ ಹಾಕಿ ತೆಗೆಯುವಾಗಿನ ‘ಟಣ್’ ಸದ್ದು. ಗುಂಪು ಸಾಗುವ ದಿಕ್ಕಿನಲ್ಲೇ, ಪಕ್ಕದಲ್ಲಿ, 50 ಮೀಟರ್ ಬಿಟ್ಟು ಒಂದೇ ನಿಧಾನ ವೇಗದಲ್ಲಿ ಹೋಗಿ. ಅವೇ ಹತ್ತಿರ ಬಂದರೆ ನ್ಯೂಟ್ರಲ್‌ಗೆ ತನ್ನಿ, ಹಿಮ್ಮುಖ ಗೇರ್ ಬೇಡ. ಈಗಾಗಲೇ ಒಂದು ದೋಣಿ ಅಲ್ಲಿದ್ದರೆ ಅದು ಹೊರಡುವವರೆಗೆ ಕಾಯಿರಿ.