ಕೂಳೆ ಜೋಳ ಮೇದ ಎಮ್ಮೆ

ಪ್ರಶ್ನೆ: ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಕೂಳೆ ಚಿಗುರಿತ್ತು. ಗೇಣುದ್ದ ಇರಬಹುದು. ನಮ್ಮ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಮೇಯ್ತು. ಅರ್ಧ ಗಂಟೆಯಲ್ಲಿ ಬಿದ್ದು ಒದ್ದಾಡಿ ಸತ್ತಿತು. ಹಾವು ಕಡಿದಿದೆ ಅಂತಾರೆ. ನಿಜಾನಾ? ಆಕಳಿಗೆ ಆ ಮೇವು ಹಾಕಬಹುದಾ?
– ರೈತ ಮಹಿಳೆ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಕರೆಯುವ ಎಮ್ಮೆ ಹೋದರೆ ಮನೆಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ನೀವು ಬರೆದದ್ದು ನೋಡಿದರೆ ಇದು ಹಾವಲ್ಲ, ಜೋಳದ ಚಿಗುರೇ. ಎಳೆ ಜೋಳದಲ್ಲಿ ಧುರ್ರಿನ್ ಅನ್ನೋ ಅಂಶ ಜಾಸ್ತಿ ಇರುತ್ತದೆ. ದನ ಅಗಿದಾಗ ಅದು ಒಡೆದು ಸೈನೈಡ್ ಆಗುತ್ತದೆ. ನೀರಿಲ್ಲದೆ ಬಾಡಿದ ಪೈರು, ಕೂಳೆಯಿಂದ ಎದ್ದ ಚಿಗುರು, ಯೂರಿಯಾ ಜಾಸ್ತಿ ಬಿದ್ದ ಪೈರು, ಇವೇ ಹೆಚ್ಚು ಅಪಾಯ. ಹಸಿದ ದನ ಗಬಗಬ ಮೇಯ್ದರಂತೂ ಡಾಕ್ಟರು ಬರುವಷ್ಟು ಹೊತ್ತೂ ಸಿಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಕಳು ನೋಡಿದ್ದೆ. ಕುತ್ತಿಗೆ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಸೂಜಿ ಚುಚ್ಚಿದಾಗ ಬಂದ ರಕ್ತ ಕುಂಕುಮದಷ್ಟು ಕೆಂಪು. ರಕ್ತದಲ್ಲಿ ಆಮ್ಲಜನಕ ತುಂಬಿದೆ, ಆದರೆ ಮೈಯ ಜೀವಕೋಶಗಳಿಗೆ ಅದನ್ನು ಬಳಸಲು ಸೈನೈಡ್ ಬಿಡುತ್ತಿಲ್ಲ. ನರಕ್ಕೆ ಸೋಡಿಯಂ ನೈಟ್ರೈಟ್, ಅದರ ಹಿಂದೆಯೇ ಸೋಡಿಯಂ ಥಯೋಸಲ್ಫೇಟ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು, ಮುಂಗಾಲು ಊರಿ ಎದ್ದು ನಿಂತಿತು. ಅವತ್ತಿನಿಂದ ಆ ಎರಡು ಔಷಧ ಇಲ್ಲದೆ ನಾನು ಹಳ್ಳಿಗೆ ಹೋದದ್ದೇ ಇಲ್ಲ.

ಹಾಗಾಗಿ ಲಕ್ಷಣ ಕಂಡ ಕೂಡಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, 'ಎಳೆ ಜೋಳ ಮೇಯ್ದಿದೆ' ಅಂತ ಮೊದಲೇ ಹೇಳಿ. ಡಾಕ್ಟರು ಔಷಧ ಜೊತೆಗೇ ತರುತ್ತಾರೆ. ಏದುಸಿರು ಬಿಡೋ ದನದ ಬಾಯಿಗೆ ಎಣ್ಣೆ, ಮಜ್ಜಿಗೆ ಏನೂ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿಯುತ್ತದೆ. ಓಡಿಸಲೂಬೇಡಿ.

ಉಳಿದ ಆಕಳನ್ನು ಆ ಹೊಲಕ್ಕೆ ಬಿಡಬೇಡಿ. ಆ ಚಿಗುರನ್ನು ಹಸಿಯಾಗಿ ಕೊಯ್ದು ತಂದೂ ಹಾಕಬೇಡಿ. ಮುಂದೆ ಮೇವಿಗಂತಲೇ ಜೋಳ ಬಿತ್ತಿದರೆ ಹೂ ಬಂದ ಮೇಲೆ ಕೊಯ್ಯಿರಿ. ಚೆನ್ನಾಗಿ ಒಣಗಿದರೆ ವಿಷ ತುಂಬಾ ಇಳಿಯುತ್ತದೆ. ಅರೆಬರೆ ಬಾಡಿದ್ದನ್ನು ಮಾತ್ರ ನಂಬಬೇಡಿ.

ಪ್ರಶ್ನೆ: ಬೇಲಿಯ ಕಣಗಿಲೆ ಸವರಿ ಹಿತ್ತಲಲ್ಲಿ ಒಣಗಲು ಹಾಕಿದ್ದೇನೆ. ಒಣಗಿದ ಮೇಲೆ ಮೇಕೆ ತಿಂದರೆ ಪರವಾಗಿಲ್ಲ ಅಲ್ವಾ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಇಲ್ಲ, ಇವತ್ತೇ ತೆಗೆಯಿರಿ. ಜೋಳದ ಹಾಗಲ್ಲ ಇದು. ಕಣಗಿಲೆ ಒಣಗಿದರೂ ವಿಷ ಹಾಗೇ ಇರುತ್ತದೆ, ಸೀದಾ ಹೃದಯಕ್ಕೇ ಹೊಡೆಯುತ್ತದೆ. ಹಸಿ ಎಲೆ ಕಹಿ ಅಂತ ಬಿಡುವ ಮೇಕೆಯೂ ತರಗನ್ನು ತಿಂದುಬಿಡುತ್ತದೆ. ಎಲೆ ಬಿದ್ದು ನೆನೆದ ಬಾನಿ ನೀರೂ ವಿಷವೇ. ನಾಯಿ ಕುಡಿಯೋ ಬಟ್ಟಲನ್ನೂ ನೋಡಿಕೊಳ್ಳಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ಮೇಕೆ ಕೆದರದಷ್ಟು ಆಳಕ್ಕೆ ಹೂತುಬಿಡಿ.