ವಾಹನ ಸಮಾಧಾನ: ಚಳಿಗಾಲದ ಬೆಳಗಿನ ಕೀರಲು ಸದ್ದು

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು, 72,000 ಕಿ.ಮೀ. ಓಡಿದೆ. ಡಿಸೆಂಬರ್ ಬಂದಾಗಿನಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ ಕಿವಿಗೆ ಇರಿಯುವಂಥ ಕೀರಲು ಸದ್ದು ಬರುತ್ತದೆ. ಅರ್ಧ ನಿಮಿಷ, ಕೆಲವು ದಿನ ಒಂದು ನಿಮಿಷ ಇದ್ದು ತಾನಾಗಿಯೇ ನಿಲ್ಲುತ್ತದೆ. ಹಗಲಿನಲ್ಲಿ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಬರುವುದಿಲ್ಲ. ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸಿದರು. ಮೂರು ವಾರ ಸುಮ್ಮನಿದ್ದು ಮತ್ತೆ ಶುರುವಾಗಿದೆ. ಈಗ ಆಲ್ಟರ್ನೇಟರನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಆ ಖರ್ಚಿಗೆ ಮೊದಲು ನಾವೇ ಏನಾದರೂ ಪರೀಕ್ಷಿಸಬಹುದೇ?
(ಓದುಗರೊಬ್ಬರು, ಸಕಲೇಶಪುರ)

ಉತ್ತರ: ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ) ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲೇ ಮುಖ್ಯ ಸುಳಿವು ಇದೆ: ಸದ್ದು ಬೆಳಿಗ್ಗೆ ಮಾತ್ರ ಬರುತ್ತದೆ ಮತ್ತು ಒಂದು ನಿಮಿಷದೊಳಗೆ ನಿಲ್ಲುತ್ತದೆ. ಎಂಜಿನ್ನಿನ ಒಳಗಿನ ಲೋಹದ ಭಾಗಗಳು ಸವೆದರೆ ಸಾಮಾನ್ಯವಾಗಿ ಟಕಟಕ ಎಂದೋ ಗಡಗಡ ಎಂದೋ ಕೇಳಿಸುತ್ತದೆ. ಕೀರಲು ಸದ್ದು ಬಹುಪಾಲು ಎಂಜಿನ್ನಿನ ಹೊರಬದಿಯಲ್ಲಿ ಸುತ್ತುವ, ನಾವು ಇಂದಿಗೂ ರೂಢಿಯಿಂದ ಫ್ಯಾನ್ ಬೆಲ್ಟ್ ಎಂದೇ ಕರೆಯುವ ಬೆಲ್ಟಿನದು. ಇಂದಿನ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನಿಂದ ತಿರುಗುತ್ತದೆ. ಬೆಲ್ಟ್ ತಿರುಗಿಸುವುದು ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಮತ್ತು ಅನೇಕ ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು.

ಬೆಳಿಗ್ಗೆ ಮೂರು ಸಂಗತಿಗಳು ಒಟ್ಟಿಗೆ ಸೇರುತ್ತವೆ. ರಾತ್ರಿಯ ತಂಪಿಗೆ ರಬ್ಬರ್ ತುಸು ಬಿರುಸಾಗಿ ಪುಲ್ಲಿಯ (ಬೆಲ್ಟ್ ಸುತ್ತಿಕೊಂಡಿರುವ ಗಾಲಿ) ಮೇಲಿನ ಅದರ ಹಿಡಿತ ಕಡಿಮೆಯಾಗುತ್ತದೆ. ಮಲೆನಾಡಿನ ಇಬ್ಬನಿ ಬೆಲ್ಟ್ ಮತ್ತು ಪುಲ್ಲಿಗಳ ಮೇಲೆ ತೆಳುವಾದ ತೇವವಾಗಿ ಕೂರುತ್ತದೆ. ನಿಮ್ಮ ಊರಿನಲ್ಲಿ ಚಳಿಗಿಂತ ಇದೇ ದೊಡ್ಡ ಕಾರಣವೆಂದು ನನ್ನ ಅಂದಾಜು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಸ್ಟಾರ್ಟರ್ ಮೋಟಾರ್ ಬ್ಯಾಟರಿಯಿಂದ ಸೆಳೆದ ಕರೆಂಟನ್ನು ತುಂಬಿಕೊಡಲು ಆಲ್ಟರ್ನೇಟರ್ ಎಂಜಿನ್ ಚಾಲೂ ಆದ ಮೊದಲ ನಿಮಿಷಗಳಲ್ಲಿ ಹೆಚ್ಚು ದುಡಿಯಬೇಕಾಗುತ್ತದೆ, ಆಗ ಅದರ ಪುಲ್ಲಿ ತಿರುಗಲು ಬಿಗಿಯಾಗುತ್ತದೆ, ಹಿಡಿತ ಸಾಲದ ಬೆಲ್ಟ್ ಅದರ ಮೇಲೆ ಜಾರಿ ಕೀರಲು ದನಿ ಹೊರಡಿಸುತ್ತದೆ. ಬ್ಯಾಟರಿ ದುರ್ಬಲವಾಗಿದ್ದಷ್ಟೂ ಈ ಹೊರೆ ಹೆಚ್ಚು ಹೊತ್ತು ಇರುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಬ್ಯಾಟರಿಯದು. ರಾತ್ರಿಯೆಲ್ಲಾ ನಿಂತ ಕಾರಿನ ಬ್ಯಾಟರಿಯಲ್ಲಿ, ಸ್ಟಾರ್ಟ್ ಮಾಡುವ ಮುನ್ನ, ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ ಎಂದರ್ಥ, 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿಯಾಗಿದೆ. ಸ್ಟಾರ್ಟ್ ಆದ ಮೇಲೆ 13.8ರಿಂದ 14.5 ವೋಲ್ಟ್‌ವರೆಗೆ ಬರುತ್ತಿದ್ದರೆ ನಿಮ್ಮ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ, ಚಾರ್ಜಿಂಗ್ ಇಲ್ಲವೆಂಬ ಕಾರಣಕ್ಕೆ ಅದನ್ನು ಬದಲಿಸಬೇಕಾಗಿಲ್ಲ.

ಎರಡನೆಯದು ನೀರಿನ ಪರೀಕ್ಷೆ. ಇದಕ್ಕೆ ಬೇಕಾದದ್ದು ಗಿಡಗಳಿಗೆ ನೀರು ಚಿಮುಕಿಸುವ ಒಂದು ಸ್ಪ್ರೇ ಬಾಟಲಿ ಮಾತ್ರ. ಸದ್ದು ಬರುತ್ತಿರುವಾಗಲೇ, ದೂರದಿಂದ, ಬೆಲ್ಟಿನ ಗೀರುಗಳಿರುವ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ: ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಕೈಯಿಂದ ಬಿಗಿಮಾಡುವ ವ್ಯವಸ್ಥೆಯಿದ್ದರೆ ಬಿಗಿತ ಸಾಲದಿರಬಹುದು. ಸದ್ದು ಕ್ಷಣಕಾಲ ನಿಂತು, ನೀರು ಆರಿದೊಡನೆ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಆಗಿನ ಸದ್ದು ಉದ್ದನೆಯ ಕೀರಲಾಗಿರದೆ, ಹಕ್ಕಿ ಚಿಲಿಪಿಲಿಗುಟ್ಟಿದಂತೆ ಬಿಟ್ಟುಬಿಟ್ಟು ಬರುತ್ತದೆ. ನೀರಿನಿಂದ ಯಾವ ಬದಲಾವಣೆಯೂ ಆಗದಿದ್ದರೆ ಬೇರಿಂಗ್‌ಗಳನ್ನು ಅನುಮಾನಿಸಬೇಕು. ಈ ಪರೀಕ್ಷೆಯನ್ನು ಮಾಡುವಾಗ ದುಪಟ್ಟಾ, ಶಾಲು, ಸಡಿಲ ತೋಳಿನ ಅಂಗಿ ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು, ಕೈಯನ್ನಂತೂ ಒಳಗೆ ಹಾಕಲೇಬಾರದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಸ ಬೆಲ್ಟ್ ಮೂರು ವಾರ ಸುಮ್ಮನಿದ್ದದ್ದು ಏಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಹೊಸ ರಬ್ಬರ್ ಕೆಲಕಾಲ ಹಳೆಯ ದೋಷವನ್ನು ಮುಚ್ಚಿಡುತ್ತದೆ. ಟೆನ್ಷನರ್ ಹಳೆಯದೇ ಉಳಿದು, ಪುಲ್ಲಿಯ ಗೀರುಗಳಲ್ಲಿ ಮಣ್ಣು, ತುಕ್ಕು, ಸೋರಿದ ಆಯಿಲ್ ಅಥವಾ ಕೂಲೆಂಟ್ ಹಾಗೆಯೇ ಇದ್ದರೆ, ಬೆಲ್ಟ್ ಎಷ್ಟು ಸಲ ಬದಲಿಸಿದರೂ ಫಲ ಇಷ್ಟೇ. ಮೆಕ್ಯಾನಿಕ್ ಬೆಲ್ಟನ್ನು ಬಿಚ್ಚಿ, ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಲಿ ಎಂದು ನೀವು ನಿಂತು ಕೇಳಿಕೊಳ್ಳಿ: ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ನುಣ್ಣಗೆ ತಿರುಗುತ್ತದೆ, ಗ್ರೀಸ್ ಒಣಗಿದ್ದು ಮರಳು ಸಿಕ್ಕಿದಂತೆ ಒರಟಾಗಿ ತಿರುಗುತ್ತದೆ, ಸವೆದದ್ದು ಅಕ್ಕಪಕ್ಕ ಅಲುಗಾಡುತ್ತದೆ. ಆಲ್ಟರ್ನೇಟರಿನದೇ ಬೇರಿಂಗ್ ಹೋಗಿದ್ದರೂ ಹಲವು ಸಲ ಆ ಬೇರಿಂಗನ್ನಷ್ಟೇ ಹಾಕಿಸಬಹುದು. ಆಟೊ ಎಲೆಕ್ಟ್ರಿಷಿಯನ್ನರಿಗೆ ಅದು ನಿತ್ಯದ ಕೆಲಸ. ಸದ್ದು ಬೆಳಿಗ್ಗೆ ಮಾತ್ರ ಬರುವುದರಿಂದ, ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಮೊದಲ ಸ್ಟಾರ್ಟನ್ನು ಅವರ ಕಿವಿಯೆದುರೇ ಮಾಡಿಸುವುದು ಲೇಸು. ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ತೋರಿಸಿದ ಕಾರಿನಲ್ಲಿ ಆ ಸದ್ದು ಇರುವುದೇ ಇಲ್ಲ.

ಬೆಲ್ಟಿಗೆ ಹಚ್ಚುವ ಸ್ಪ್ರೇ, ಸೋಪು, ಮೇಣ ಇವುಗಳನ್ನು ನಾನು ಒಪ್ಪುವುದಿಲ್ಲ. ಅವು ಕೆಲವು ದಿನ ಸದ್ದನ್ನು ಅಡಗಿಸಿ, ಆಮೇಲೆ ದೂಳನ್ನು ಹಿಡಿದುಕೊಂಡು ಗೀರುಗಳನ್ನು ತುಂಬುತ್ತವೆ. ಬೆಲ್ಟಿನಲ್ಲಿ ಬಿರುಕಿಲ್ಲ, ಆದ್ದರಿಂದ ಚೆನ್ನಾಗಿದೆ ಎಂಬ ಹಳೆಯ ಅಳತೆಯೂ ಈಗ ಸಾಲದು. ಇಪಿಡಿಎಂ ಎಂಬ ಇಂದಿನ ರಬ್ಬರ್ ಹಿಂದಿನ ನಿಯೋಪ್ರೀನಿನಂತೆ ಬೇಗ ಬಿರಿಯುವುದಿಲ್ಲ, ಟೈರಿನಂತೆ ಮೆಲ್ಲಗೆ ಸವೆಯುತ್ತದೆ, ಗೀರುಗಳ ಆಳವನ್ನು ಅಳೆದೇ ಅದರ ಆಯಸ್ಸನ್ನು ತಿಳಿಯಬೇಕು.

ಕೆಲವು ಸೆಕೆಂಡುಗಳ ಕೀರಲಿನಿಂದ ಎಂಜಿನ್ನಿಗೆ ತಕ್ಷಣ ಅಪಾಯವಿಲ್ಲ. ಆದರೆ ಸದ್ದು ಹಗಲಿಗೂ ಹಬ್ಬಿದರೆ, ಬ್ಯಾಟರಿಯ ಕೆಂಪು ದೀಪ ಹೊತ್ತಿದರೆ, ಅಥವಾ ಟೆಂಪರೇಚರ್ ಏರಿದರೆ ಗಾಡಿಯನ್ನು ನಿಲ್ಲಿಸಿಬಿಡಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವ ಎಂಜಿನ್ ನಿಮ್ಮದಾಗಿದ್ದು, ಬೆಲ್ಟ್ ಶಿರಾಡಿ ಘಾಟಿಯ ನಡುವೆ ತುಂಡಾದರೆ, ಏರಿನಲ್ಲಿ ಎಂಜಿನ್ ಕಾದುಹೋಗಲು ಕೆಲವೇ ನಿಮಿಷ ಸಾಕು.

ಪ್ರಶ್ನೆ: ನನ್ನ ಕಾರಿನಲ್ಲೂ ಬೆಳಿಗ್ಗೆ ಇಂಥದ್ದೇ ಸದ್ದಿದೆ. ಆದರೆ ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ. ಇದೂ ಬೆಲ್ಟಿನದೇ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಅಲ್ಲ. ಕ್ಲಚ್ ಒತ್ತಿದರೆ ಬೆಲ್ಟಿನ ಓಟದಲ್ಲಿ ಏನೂ ಬದಲಾಗುವುದಿಲ್ಲ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿನೊಳಗೆ ಒಯ್ಯುವ ಇನ್‌ಪುಟ್ ಶಾಫ್ಟ್ ಮಾತ್ರ ತಿರುಗುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಅನುಮಾನ ಆ ಶಾಫ್ಟಿನ ಬೇರಿಂಗಿನ ಮೇಲೆ. ಇದಕ್ಕೆ ವಿರುದ್ಧವಾಗಿ, ಕ್ಲಚ್ ಒತ್ತಿದಾಗಲೇ ಸದ್ದು ಬಂದಿದ್ದರೆ, ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗನ್ನು ನೋಡಬೇಕಿತ್ತು. ಗೇರ್ ಆಯಿಲ್ ಮಟ್ಟವನ್ನು ಮೊದಲು ಪರೀಕ್ಷಿಸಿ, ಕಡಿಮೆಯಿದ್ದರೆ ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ. ಗೇರ್‌ಬಾಕ್ಸ್ ಇಳಿಸುವ ಮಾತು ಅದರ ನಂತರದ್ದು.